ರಾಯಚೂರು ಕೋಟೆಯ ಕಲ್ಲು: ಬಲ, ಚಲನೆ ಮತ್ತು ಸಂವೇಗದ ಮೂರು ಅರಿವುಗಳು

ರಾಯಚೂರು ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ ತೆಲುಗು ಶಾಸನದ ಕಾಲ ಕ್ರಿ.ಶ. 1294. ಕಾಕತೀಯರ ಪರವಾಗಿ ಆಳುತ್ತಿದ್ದ ಗೋನ ಗನ್ನಯ ರೆಡ್ಡಿಯ ಅಧೀನನಾದ ವಿಠಲನಾಥನು ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ದುರ್ಗಗಳನ್ನು ಗೆದ್ದು ರಾಯಚೂರನ್ನು ಪ್ರವೇಶಿಸಿದನೆಂದೂ ಅಲ್ಲಿಯ ಜನರ ರಕ್ಷಣೆಗಾಗಿ ಕೋಟೆಯನ್ನು ಕಟ್ಟಿಸಿದನೆಂದೂ ಶಾಸನ ತಿಳಿಸುತ್ತದೆ. ಮಾನುವ ಎಂದರೆ ಇಂದಿನ ಮಾನ್ವಿ. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬ್ ಪ್ರದೇಶದ ರಾಜಕೀಯ ಚರಿತ್ರೆಯನ್ನು ಬರೆಯುವವರು ಈ ಶಾಸನವನ್ನು ತಪ್ಪದೆ ಉಲ್ಲೇಖಿಸುತ್ತಾರೆ. ಆದರೆ ಅದೇ ಕಲ್ಲಿನ ಪಕ್ಕದ ಗೋಡೆಯಲ್ಲಿ ಕೊರೆದಿರುವ ಒಂದು ರೇಖಾಚಿತ್ರಕ್ಕೆ ಅಷ್ಟು ಗಮನ ದೊರೆತಿಲ್ಲ. ಶಾಸನವು ಕೋಟೆಯನ್ನು ಕಟ್ಟಿಸಿದವರ ಹೆಸರನ್ನು ಹೇಳಿದರೆ, ಚಿತ್ರವು ಆ ಕಲ್ಲು ಅಲ್ಲಿಗೆ ಬಂದ ಬಗೆಯನ್ನು ಹೇಳುತ್ತದೆ.

ಚಿತ್ರದಲ್ಲಿ ಆ ಮಹಾಶಿಲೆಯನ್ನು ಗಾಲಿಗಳುಳ್ಳ ಬಂಡಿಯ ಮೇಲೆ ಇರಿಸಲಾಗಿದೆ. ಬಂಡಿಯ ಮುಂದೆ ಕೋಣಗಳ ಉದ್ದನೆಯ ಸಾಲಿದೆ. ಸಾಲಿನ ನಡುನಡುವೆ ಅವುಗಳನ್ನು ಹೊಡೆಯುವವರೂ ಹುರಿದುಂಬಿಸುವವರೂ ಇದ್ದಾರೆ. ಹಿಂದಿನಿಂದ ಕೆಲವರು ಗಾಲಿಗಳಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ. ಅಲಂಕಾರಕ್ಕೆಂದು ಬಿಡಿಸಿದ ಚಿತ್ರ ಇದಲ್ಲ. ಬಲವನ್ನು ಎಲ್ಲಿ, ಯಾವ ದಿಕ್ಕಿಗೆ, ಯಾವಾಗ ಹಾಕಬೇಕೆಂಬುದನ್ನು ಬಲ್ಲವರ ಕೆಲಸದ ದಾಖಲೆ ಇದು. ನಿಂತ ಭಾರವನ್ನು ಕದಲಿಸುವುದು, ಕದಲಿದ ಭಾರವನ್ನು ಸಾಗಿಸುವುದಕ್ಕಿಂತ ಕಷ್ಟ. ಆದ್ದರಿಂದ ಸನ್ನೆ ಗಾಲಿಯ ಬುಡದಲ್ಲಿದೆ. ಹಲವು ಪ್ರಾಣಿಗಳ ಎಳೆತವು ಒಂದೇ ದಿಕ್ಕಿನಲ್ಲಿ, ಒಂದೇ ಗಳಿಗೆಯಲ್ಲಿ ಕೂಡಿದರೆ ಮಾತ್ರ ಅದು ಒಂದು ಬಲವಾಗುತ್ತದೆ; ಆದ್ದರಿಂದ ಕೂಗುವವರು ಸಾಲಿನ ನಡುನಡುವೆ ಹಂಚಿಕೊಂಡು ನಿಂತಿದ್ದಾರೆ. ನೀರಮಾನ್ವಿ, ಮಾನ್ವಿ, ದೇವದುರ್ಗಗಳ ಕಡೆಯ ಬಂಡೆಗುಡ್ಡಗಳ ನಡುವೆ ಕಲ್ಲು ಸೀಳುವವರಿಗೂ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯುವವರಿಗೂ ಇದನ್ನು ವಿವರಿಸಬೇಕಾಗಿಲ್ಲ. ತೇರು ಮೊದಲು ಕದಲುವ ಗಳಿಗೆಗಾಗಿಯೇ ಜನರೆಲ್ಲ ಒಂದೇ ದನಿಯಲ್ಲಿ ಕೂಗುತ್ತಾರೆ.

ಕನ್ನಡ ನಾಡಿನಲ್ಲಿ ಚಲನೆಯ ಕುರಿತಾದ ಅರಿವಿಗೆ ಮೂರು ಧಾರೆಗಳಿದ್ದವು. ಚಲನೆಗೆ ಕಾರಣವೇನೆಂದು ಕೇಳಿದವರು ದಾರ್ಶನಿಕರು. ಚಲನೆಯ ಅಳತೆ ಎಷ್ಟೆಂದು ಕೇಳಿದವರು ಗಣಿತಜ್ಞರು. ಭಾರವನ್ನು ಚಲಿಸುವಂತೆ ಮಾಡಿದವರು ರಾಯಚೂರಿನ ಚಿತ್ರದಲ್ಲಿರುವಂತಹ ಹೆಸರಿಲ್ಲದ ಕೆಲಸಗಾರರು. ಈ ಮೂರು ಧಾರೆಗಳೂ ಸಮೃದ್ಧವಾಗಿದ್ದವು, ಬಹುಮಟ್ಟಿಗೆ ಒಂದೇ ನೆಲದಲ್ಲಿ ಹರಿದವು. ಆದರೆ ಒಂದಕ್ಕೊಂದು ಕೂಡಲಿಲ್ಲ. ಈ ಸಂಗತಿಯನ್ನು ಸರಿಯಾಗಿ ಗ್ರಹಿಸದಿದ್ದರೆ ಎರಡು ಬಗೆಯ ಅತಿರೇಕಗಳಿಗೆ ದಾರಿಯಾಗುತ್ತದೆ. ನ್ಯೂಟನ್ ಹೇಳಿದ್ದೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತೆಂಬುದು ಒಂದು. ನಮ್ಮಲ್ಲಿ ಏನೂ ಇರಲಿಲ್ಲವೆಂಬುದು ಇನ್ನೊಂದು.

ಮೊದಲು ದಾರ್ಶನಿಕರ ಧಾರೆ. ಜೈನ ತತ್ತ್ವಶಾಸ್ತ್ರದಲ್ಲಿ ಧರ್ಮ ಮತ್ತು ಅಧರ್ಮ ಎಂಬ ಪದಗಳಿಗೆ ಪುಣ್ಯ, ಪಾಪಗಳಿಗಿಂತ ಬೇರೆಯಾದ ಒಂದು ಪಾರಿಭಾಷಿಕ ಅರ್ಥವಿದೆ. ಆರು ದ್ರವ್ಯಗಳಲ್ಲಿ ಧರ್ಮದ್ರವ್ಯವು ಗತಿಗೆ ನೆರವಾಗುವಂಥದು. ಅಧರ್ಮದ್ರವ್ಯವು ಸ್ಥಿತಿಗೆ, ಎಂದರೆ ನಿಲುಗಡೆಗೆ, ನೆರವಾಗುವಂಥದು. ಗುಂತಕಲ್ ಸಮೀಪದ ಕೊನಕೊಂಡ್ಲದೊಂದಿಗೆ ಪರಂಪರೆಯು ಜೋಡಿಸುವ ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ಇದಕ್ಕೆ ಮೀನು ಮತ್ತು ನೀರಿನ ದೃಷ್ಟಾಂತ ಕೊಟ್ಟಿದ್ದಾರೆ. ನೀರು ಮೀನನ್ನು ತಳ್ಳುವುದಿಲ್ಲ. ಈಜುವ ಮೀನಿಗೆ ಅದು ಆಸರೆಯಾಗುತ್ತದೆ, ಅಷ್ಟೇ. ಈಜಲು ಮನಸ್ಸಿಲ್ಲದ ಮೀನನ್ನು ಅದು ಬಲವಂತಪಡಿಸುವುದಿಲ್ಲ. ಇದನ್ನು ಉದಾಸೀನ ನಿಮಿತ್ತವೆಂದು ಟೀಕಾಕಾರರು ಕರೆದರು. ಈ ಮಾತಿನ ಸೂಕ್ಷ್ಮತೆ ತಿಳಿಯಬೇಕಾದರೆ ಗ್ರೀಸಿನ ಅರಿಸ್ಟಾಟಲನ ವಾದವನ್ನು ಪಕ್ಕದಲ್ಲಿಟ್ಟು ನೋಡಬೇಕು. ಕೈಬಿಟ್ಟ ಕಲ್ಲು ಮುಂದೆ ಸಾಗುವುದಕ್ಕೆ ಅದರ ಸುತ್ತಲಿನ ಗಾಳಿಯೇ ಕಾರಣ, ಗಾಳಿಯೇ ಅದನ್ನು ತಳ್ಳುತ್ತ ಹೋಗುತ್ತದೆ ಎಂಬುದು ಅವನ ವಿವರಣೆ. ಮಾಧ್ಯಮವು ಪ್ರೇರಕವಲ್ಲ, ಚಲನೆಯ ಕಾರಣವು ಚಲಿಸುವ ವಸ್ತುವಿನಲ್ಲಿಯೇ ಇರಬೇಕು ಎಂಬ ವಿವೇಕವನ್ನು ಜೈನ ಆಚಾರ್ಯರು ಮೀನಿನ ಒಂದು ಹೋಲಿಕೆಯಲ್ಲಿ ಸಾಧಿಸಿದರು.

ಚಲನೆ ಮುಂದುವರಿಯುವುದು ಹೇಗೆ ಎಂಬ ಪ್ರಶ್ನೆ ತತ್ತ್ವಾರ್ಥಸೂತ್ರದ ಕೊನೆಯ ಅಧ್ಯಾಯದಲ್ಲಿ ಬರುತ್ತದೆ. ಕರ್ಮಬಂಧದಿಂದ ಬಿಡುಗಡೆಯಾದ ಜೀವವು ಊರ್ಧ್ವಮುಖವಾಗಿ ಏಕೆ ಸಾಗಬೇಕು? ಉಮಾಸ್ವಾತಿಗಳು ನಾಲ್ಕು ಕಾರಣಗಳನ್ನು ಹೇಳಿ ನಾಲ್ಕು ದೃಷ್ಟಾಂತಗಳನ್ನು ಜೋಡಿಸುತ್ತಾರೆ. ಮೊದಲನೆಯ ಕಾರಣ ಪೂರ್ವಪ್ರಯೋಗ. ಅದಕ್ಕೆ ದೃಷ್ಟಾಂತ ಕುಂಬಾರನ ಚಕ್ರ. ಎರಡನೆಯದು ಸಂಗವಿಲ್ಲದಿರುವುದು, ದೃಷ್ಟಾಂತ ಮಣ್ಣಿನ ಲೇಪ ಕರಗಿಹೋದ ಸೋರೆಬುರುಡೆ. ಮೂರನೆಯದು ಬಂಧ ಕಡಿದುಹೋಗುವುದು. ದೃಷ್ಟಾಂತ ಸಿಪ್ಪೆಯೊಡೆದು ಹಾರುವ ಔಡಲ ಬೀಜ. ನಾಲ್ಕನೆಯದು ವಸ್ತುವಿನ ಸಹಜವಾದ ಗತಿ. ದೃಷ್ಟಾಂತ ಮೇಲಕ್ಕೇಳುವ ದೀಪದ ಕುಡಿ. ಇಂದಿನ ಭೌತವಿಜ್ಞಾನದ ವಿದ್ಯಾರ್ಥಿಯು ಈ ನಾಲ್ಕನ್ನೂ ಬೇರೆ ಬೇರೆ ತಲೆಬರಹಗಳ ಕೆಳಗೆ ಇಡುತ್ತಾನೆ. ಚಕ್ರದಲ್ಲಿ ಕಾಣುವುದು ಜಡತ್ವ. ಸೋರೆಬುರುಡೆಯಲ್ಲಿ ನೀರಿನ ಪ್ಲವನಬಲ. ಔಡಲದಲ್ಲಿ ಬಿಗಿತ ತಟ್ಟನೆ ಬಿಚ್ಚಿಕೊಂಡಾಗ ಸಿಗುವ ಆವೇಗ. ದೀಪದಲ್ಲಿ ಕಾದು ಹಗುರಾದ ಗಾಳಿಯ ಏರಿಕೆ. ಸೂತ್ರಕಾರರ ಉದ್ದೇಶ ಮೋಕ್ಷದ ನಿರೂಪಣೆಯೇ ಹೊರತು ಯಂತ್ರಶಾಸ್ತ್ರವಲ್ಲ. ಆದರೂ ನಾಲ್ಕು ಬಗೆಯ ಚಲನೆಗಳನ್ನು ಒಂದರೊಳಗೊಂದು ಕಲಸದೆ ಪ್ರತ್ಯೇಕವಾಗಿ ಇಟ್ಟ ಅವಲೋಕನ ಮೆಚ್ಚತಕ್ಕದ್ದು.

ಕುಂಬಾರನ ಚಕ್ರದ ವಿಷಯವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ಹೇಳಿದ್ದಾರೆ. ಕುಂಬಾರನ ಪ್ರಯತ್ನದಿಂದ ಕೈ, ಕೋಲು, ಚಕ್ರಗಳಿಗೆ ಸಂಯೋಗವಾಗಿ ಚಕ್ರ ತಿರುಗುತ್ತದೆ. ಆ ಪ್ರಯತ್ನ ನಿಂತ ಮೇಲೆಯೂ, ಅದರಲ್ಲಿ ಉಳಿದ ಸಂಸ್ಕಾರವು ಕ್ಷಯವಾಗುವವರೆಗೆ, ಅದು ತಿರುಗುತ್ತಲೇ ಇರುತ್ತದೆ. ರಾಷ್ಟ್ರಕೂಟರ ಕಾಲದ ಅಕಲಂಕರು ರಾಜವಾರ್ತಿಕದಲ್ಲಿ ಇದೇ ಹಾದಿಯಲ್ಲಿ ನಡೆದರು. ವೈಶೇಷಿಕರು ಬಾಣದ ವಿಷಯದಲ್ಲಿ ಇಂಥದೇ ಮಾತನ್ನಾಡಿದ್ದರು. ಬಿಲ್ಲಿನ ನೂಕುವಿಕೆಯಿಂದ ಬಾಣಕ್ಕೆ ಮೊದಲ ಚಲನೆ. ಅಲ್ಲಿಂದ ಮುಂದೆ ಅದರಲ್ಲಿ ಹುಟ್ಟಿದ ವೇಗವೆಂಬ ಸಂಸ್ಕಾರದಿಂದ ಚಲನೆ. ಆ ಸಂಸ್ಕಾರ ತೀರಿದಾಗ ಗುರುತ್ವದಿಂದ ಪತನ. ಹೆಚ್ಚುಕಡಿಮೆ ಪೂಜ್ಯಪಾದರ ಕಾಲದವನೇ ಆದ ಅಲೆಕ್ಸಾಂಡ್ರಿಯದ ಫಿಲೊಪೊನಸ್, ಎಸೆಯುವವನು ವಸ್ತುವಿನೊಳಗೇ ಒಂದು ಶಕ್ತಿಯನ್ನು ತುಂಬುತ್ತಾನೆಂದು ಹೇಳಿ ಅರಿಸ್ಟಾಟಲನನ್ನು ಖಂಡಿಸಿದನು. ಒಬ್ಬರಿಂದ ಒಬ್ಬರು ಕಲಿತರೆಂದು ಇದರಿಂದ ಊಹಿಸಬೇಕಾಗಿಲ್ಲ. ಚಕ್ರವೂ ಬಾಣವೂ ಎಲ್ಲ ನಾಡುಗಳಲ್ಲಿ ಒಂದೇ ಬಗೆಯಾಗಿ ನಡೆದುಕೊಳ್ಳುತ್ತವೆ.

ಸಂಸ್ಕಾರವೇ ನ್ಯೂಟನ್ನನ ಜಡತ್ವವೆಂದು ಹೇಳಿಬಿಡುವ ಆಸೆ ಇಲ್ಲಿ ಹುಟ್ಟುವುದು ಸಹಜ. ಆದರೆ ಎರಡರ ನಡುವೆ ದೊಡ್ಡ ಅಂತರವಿದೆ. ಪೂಜ್ಯಪಾದರ ಚಕ್ರದಲ್ಲಿ ಸಂಸ್ಕಾರವು ತಾನಾಗಿಯೇ ಸವೆದು ಚಕ್ರ ನಿಲ್ಲುತ್ತದೆ. 1687ರಲ್ಲಿ ಪ್ರಕಟವಾದ ಪ್ರಿನ್ಸಿಪಿಯದಲ್ಲಿ ನ್ಯೂಟನ್ ಹೇಳುವಂತೆ, ಹೊರಗಿನ ಬಲ ತಡೆಯದಿದ್ದರೆ ಚಲನೆ ಎಂದಿಗೂ ಸವೆಯುವುದಿಲ್ಲ. ಚಕ್ರ ನಿಲ್ಲುವುದು ಅಚ್ಚಿನ ಘರ್ಷಣೆಯಿಂದ, ಗಾಳಿಯ ತಡೆಯಿಂದ. ಮೊದಲನೆಯ ವಿವರಣೆಯಲ್ಲಿ ನಿಲುಗಡೆ ಸಹಜ, ಚಲನೆಗೆ ಕಾರಣ ಬೇಕು. ಎರಡನೆಯದರಲ್ಲಿ ಚಲನೆಯಲ್ಲಿ ಬದಲಾವಣೆಗೆ ಮಾತ್ರ ಕಾರಣ ಬೇಕು. ಕುತೂಹಲದ ವಿಷಯವೆಂದರೆ, ಮುಕ್ತಜೀವವು ಲೋಕದ ತುದಿಯಲ್ಲಿ ನಿಲ್ಲುವುದಕ್ಕೆ ತತ್ತ್ವಾರ್ಥಸೂತ್ರವು ಸಂಸ್ಕಾರಕ್ಷಯದ ಕಾರಣವನ್ನು ಕೊಡುವುದಿಲ್ಲ. ಅದರಾಚೆಗೆ ಧರ್ಮದ್ರವ್ಯವಿಲ್ಲ, ಆದ್ದರಿಂದ ಗತಿಯಿಲ್ಲ ಎನ್ನುತ್ತದೆ. ನಿಲುಗಡೆಗೂ ಒಂದು ಕಾರಣವನ್ನು ಹೇಳಲೇಬೇಕೆಂಬ ತರ್ಕದ ಶಿಸ್ತು ಇಲ್ಲಿ ಕಾಣುತ್ತದೆ. ಆದರೆ ಆ ಶಿಸ್ತನ್ನು ಕುಂಬಾರನ ಚಕ್ರಕ್ಕೆ ಯಾರೂ ಹಿಂತಿರುಗಿಸಿ ಅನ್ವಯಿಸಲಿಲ್ಲ.

ಎರಡನೆಯದು ಅಳತೆಯ ಧಾರೆ. ಸುಮಾರು ಕ್ರಿ.ಶ. 850ರಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಅದರಲ್ಲಿ ಗತಿನಿವೃತ್ತಿ ಎಂಬ ಲೆಕ್ಕಗಳ ವರ್ಗವೊಂದಿದೆ. ಮುಂದಕ್ಕೆ ಸಾಗುತ್ತಲೇ ಹಿಂದಕ್ಕೂ ಸರಿಯುವ ವಸ್ತುಗಳ ಲೆಕ್ಕಗಳಿವು. ಒಂದು ಲೆಕ್ಕದಲ್ಲಿ 80 ಅಂಗುಲ ಉದ್ದದ ಕರಿಯ ಹಾವು ಬಿಲವನ್ನು ಹೊಗುತ್ತಿದೆ. ಒಂದು ದಿನದ 14ರಲ್ಲಿ 5 ಪಾಲು ಕಾಲದಲ್ಲಿ ಅದು 7½ ಅಂಗುಲ ಒಳಸೇರುತ್ತದೆ. ಆದರೆ ಕಾಲು ದಿನಕ್ಕೆ ಅದರ ಬಾಲ 2¾ ಅಂಗುಲ ಬೆಳೆಯುತ್ತದೆ. ಪೂರ್ತಿ ಒಳಸೇರಲು ಎಷ್ಟು ದಿನ ಬೇಕು? ದಿನಕ್ಕೆ 21 ಅಂಗುಲ ಒಳಗೆ, 11 ಅಂಗುಲ ಬೆಳವಣಿಗೆ. ಉಳಿಯುವ ಗತಿ 10 ಅಂಗುಲ. ಉತ್ತರ 8 ದಿನ. ವಿನೋದದಂತೆ ಕಾಣುವ ಈ ಲೆಕ್ಕದೊಳಗೆ ಗಂಭೀರವಾದ ವಿಚಾರಗಳಿವೆ. ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ್ದು. ಎದುರುಬದುರಾದ ಎರಡು ಗತಿಗಳನ್ನು ಕಳೆದು ಒಂದೇ ಗತಿಯಾಗಿ ಎಣಿಸಬಹುದು. ಇಂದಿನ ಪಠ್ಯಪುಸ್ತಕದ ಸಾಪೇಕ್ಷ ವೇಗದ ಪಾಠಕ್ಕೆ ಇದು ದೂರವಲ್ಲ.

ಗಮನಿಸಬೇಕಾದ ಅಂಶವೆಂದರೆ, ಅಕಲಂಕರೂ ಮಹಾವೀರಾಚಾರ್ಯರೂ ಒಂದೇ ಧರ್ಮಪರಂಪರೆಗೆ, ಒಂದೇ ಸಾಮ್ರಾಜ್ಯದ ಸಾಂಸ್ಕೃತಿಕ ಪರಿಸರಕ್ಕೆ ಸೇರಿದವರು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಂತೂ ರಾಯಚೂರು ಸೀಮೆಯಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ನಾಡಿನಲ್ಲಿದೆ. ಆದರೂ ತಿರುಗುವ ಚಕ್ರದಲ್ಲಿ ಉಳಿದ ಸಂಸ್ಕಾರವೆಷ್ಟು, ಅದು ಎಷ್ಟು ಕಾಲದಲ್ಲಿ ಸವೆಯುತ್ತದೆ ಎಂಬ ಲೆಕ್ಕ ಗಣಿತಸಾರಸಂಗ್ರಹದಲ್ಲಿ ಹುಟ್ಟಲಿಲ್ಲ. ದಾರ್ಶನಿಕನಿಗೆ ಚಕ್ರವು ಮೋಕ್ಷಕ್ಕೆ ದೃಷ್ಟಾಂತ. ಗಣಿತಜ್ಞನಿಗೆ ಹಾವು ತ್ರೈರಾಶಿಕಕ್ಕೆ ಉದಾಹರಣೆ. ಎರಡೂ ಕಡೆ ಚಲಿಸುವ ವಸ್ತುವು ಬೇರೊಂದು ಪ್ರಯೋಜನಕ್ಕಾಗಿ ಬಂದು ಹೋಗುತ್ತದೆ. ಅವೆರಡನ್ನೂ ದೂರವಿಟ್ಟದ್ದು ಮತವಲ್ಲ, ಭಾಷೆಯೂ ಅಲ್ಲ. ಕೇಳಿದ ಪ್ರಶ್ನೆಗಳೇ ಬೇರೆಯಾಗಿದ್ದವು.

ಮೂರನೆಯ ಧಾರೆಗಾಗಿ ರಾಯಚೂರಿನ ಗೋಡೆಗೇ ಮರಳಬೇಕು. 41 ಅಡಿ ಎಂದರೆ ಸುಮಾರು 12.5 ಮೀಟರ್. ಗ್ರಾನೈಟಿನ ಒಂದು ಘನಮೀಟರ್ ಸುಮಾರು 2.7 ಟನ್ ತೂಗುತ್ತದೆ. ಅಷ್ಟುದ್ದದ ಕಲ್ಲಿನ ಅಡ್ಡಕೊಯ್ತ ಅರ್ಧ ಚದರ ಮೀಟರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ತೂಕ 17 ಟನ್ನಿನ ಆಸುಪಾಸಿನಲ್ಲಿರುತ್ತದೆ. ಅದು ಸೆಕೆಂಡಿಗೆ ಅರ್ಧ ಮೀಟರ್, ಎಂದರೆ ಮನುಷ್ಯನ ನಿಧಾನ ನಡಿಗೆಗಿಂತಲೂ ಕಡಿಮೆ ವೇಗದಲ್ಲಿ ಸಾಗುತ್ತಿದೆ ಎನ್ನೋಣ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಇಲ್ಲಿ ಅದು ಸುಮಾರು 8500 ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್. ನಿಂತ ಕಲ್ಲಿಗೆ ಇಷ್ಟು ಸಂವೇಗವನ್ನು 10 ಸೆಕೆಂಡುಗಳಲ್ಲಿ ಕೊಡಬೇಕಾದರೆ, ಘರ್ಷಣೆಯೇ ಇಲ್ಲವೆಂದು ಭಾವಿಸಿದಾಗ, ಬೇಕಾಗುವ ಬಲ 850 ನ್ಯೂಟನ್. ಅದು ದೃಢಕಾಯನಾದ ಒಬ್ಬ ಮನುಷ್ಯನ ತೂಕಕ್ಕೆ ಸಮ. ಹಾಗಾದರೆ ಕೋಣಗಳ ಅಷ್ಟುದ್ದದ ಸಾಲು ಏಕೆ ಬೇಕಾಯಿತು? ಬಂಡಿಯ ಅಚ್ಚು, ನೆಲ, ತಗ್ಗುದಿಣ್ಣೆಗಳು ಒಡ್ಡುವ ತಡೆಯನ್ನು ಕ್ಷಣಕ್ಷಣವೂ ಮೀರುವುದಕ್ಕಾಗಿ. ಕೋಣಗಳ ದುಡಿಮೆಯ ಬಹುಪಾಲು ಖರ್ಚಾದದ್ದು ಚಲನೆಯನ್ನು ಹುಟ್ಟಿಸುವುದಕ್ಕಲ್ಲ, ಘರ್ಷಣೆಗೆ ತೆರಿಗೆ ಕಟ್ಟುವುದಕ್ಕೆ. ಎಳೆತ ನಿಂತರೆ ಬಂಡಿ ನಿಲ್ಲುತ್ತಿತ್ತು. ಚಲನೆಗೆ ಸದಾ ಬಲ ಬೇಕೆಂದು ಅರಿಸ್ಟಾಟಲನಿಗೆ ತೋರಿದ್ದೂ, ಸಂಸ್ಕಾರ ತಾನೇ ಸವೆಯುತ್ತದೆಂದು ಪೂಜ್ಯಪಾದರಿಗೆ ತೋರಿದ್ದೂ ಈ ಕಾರಣದಿಂದಲೇ. ನಿತ್ಯದ ಅನುಭವದಲ್ಲಿ ಘರ್ಷಣೆ ಎಲ್ಲೆಡೆಯೂ ಇದೆ. ಆದ್ದರಿಂದ ಅದು ಪ್ರತ್ಯೇಕವಾಗಿ ಕಣ್ಣಿಗೆ ಬೀಳುವುದಿಲ್ಲ.

ಇದೇ ಕೋಟೆಯ ಮುಂದೆ 1520ರಲ್ಲಿ ಬಲದ ಇನ್ನೊಂದು ಮುಖ ಕಾಣಿಸಿತು. ವಿಜಯನಗರದ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಆ ವರ್ಷದ ಮೇ 19ರಂದು ರಾಯಚೂರಿನ ಬಳಿ ಎದುರಿಸಿದನು. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನುನಿಜ್ ಬರೆದ ವೃತ್ತಾಂತದಂತೆ ಬಿಜಾಪುರದ ಫಿರಂಗಿಗಳು ಒಟ್ಟಿಗೆ ಸಿಡಿದು ವಿಜಯನಗರದ ಮುಂಚೂಣಿಗೆ ಭಾರಿ ಹಾನಿ ಮಾಡಿದವು. ಆದರೂ ಕೊನೆಗೆ ಗೆದ್ದವನು ಕೃಷ್ಣದೇವರಾಯನೇ. ಫಿರಂಗಿಯ ಶಕ್ತಿ ಎಲ್ಲಿದೆ ಎಂಬುದನ್ನು ಮೇಲಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಬಹುದು. 10 ಕಿಲೋಗ್ರಾಂ ತೂಕದ ಗುಂಡು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಬಂದರೆ ಅದರ ಸಂವೇಗ 3000. ನಿಧಾನವಾಗಿ ಉರುಳುವ ಬಂಡಿಗಲ್ಲಿನ ಸಂವೇಗಕ್ಕಿಂತ ಇದು ಕಡಿಮೆ! ಆದರೆ ಗುಂಡು ಗುರಿಗೆ ತಾಗಿ ನಿಲ್ಲುವುದು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಕಾಲದಲ್ಲಿ ಎಂದಾದರೆ, ಆ ಗಳಿಗೆಯ ಬಲ 3 ಲಕ್ಷ ನ್ಯೂಟನ್. ಸುಮಾರು 30 ಟನ್ ಭಾರ ಮೈಮೇಲೆ ಬಿದ್ದಂತೆ. ಬಲವನ್ನು ಅದು ವರ್ತಿಸಿದ ಕಾಲದಿಂದ ಗುಣಿಸಿದರೆ ಆವೇಗ. ಸಂವೇಗದಲ್ಲಾದ ಬದಲಾವಣೆ ಅದಕ್ಕೆ ಸಮ. ಕೋಣಗಳದು ದೀರ್ಘಕಾಲದ ಸಣ್ಣ ಬಲ, ಗುಂಡಿನದು ಕ್ಷಣಕಾಲದ ಮಹಾಬಲ.

ಆದರೆ ಕೋಟೆಯ ಗೋಡೆಯನ್ನು ಸಡಿಲಿಸಿದ್ದು ಫಿರಂಗಿಯಲ್ಲ. ಮುತ್ತಿಗೆಯಲ್ಲಿ ವಿಜಯನಗರದ ಕಾಲಾಳುಗಳು ಹಾರೆ, ಗುದ್ದಲಿಗಳನ್ನು ಹಿಡಿದು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲುಗಳನ್ನು ಕಿತ್ತರು. ಕಿತ್ತು ತಂದ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಅವರಿಗೆ ಹಣ ಕೊಡಲಾಗುತ್ತಿತ್ತೆಂದು ನುನಿಜ್ ದಾಖಲಿಸುತ್ತಾನೆ. ಕ್ರಿಸ್ತೊವಾವೊ ದ ಫಿಗೆರೆದೊ ಎಂಬವನ ಜೊತೆಗಿದ್ದ ಪೋರ್ಚುಗೀಸ್ ಬಂದೂಕುಧಾರಿಗಳು ಗೋಡೆಯ ಮೇಲೆ ತಲೆಯೆತ್ತಿದವರಿಗೆ ಗುಂಡು ಹಾರಿಸಿ ಕೆಳಗಿನವರಿಗೆ ರಕ್ಷಣೆ ಕೊಟ್ಟರು. ಹೀಗೆ, 1294ರಲ್ಲಿ ಗೋಡೆಗೆ ಮಹಾಶಿಲೆಯನ್ನು ತಂದವರೂ, 1520ರಲ್ಲಿ ಗೋಡೆಯ ಕಲ್ಲುಗಳನ್ನು ಕಿತ್ತವರೂ ನಂಬಿದ್ದು ಒಂದೇ ಉಪಾಯವನ್ನು: ಮೀಟುವ ಸನ್ನೆಯನ್ನು. ಎರಡು ಸಂದರ್ಭಗಳಲ್ಲಿಯೂ ಅರಸರ ಮತ್ತು ದಂಡನಾಯಕರ ಹೆಸರುಗಳು ಉಳಿದವು. ಮೀಟಿದವರ ಹೆಸರು ಉಳಿಯಲಿಲ್ಲ. ಅವರ ವಿದ್ಯೆ ಗ್ರಂಥವನ್ನು ಸೇರಲಿಲ್ಲ. ಗೋಡೆಯ ಚಿತ್ರವೊಂದು ಇರದಿದ್ದರೆ ಅಷ್ಟೂ ತಿಳಿಯುತ್ತಿರಲಿಲ್ಲ.

ಯುರೋಪಿನಲ್ಲಿ ಈ ಮೂರು ಧಾರೆಗಳು ಕೂಡಿದ್ದೂ ನಿಧಾನವಾಗಿಯೇ. 14ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಜಾನ್ ಬುರಿದಾನನು ಅರಿಸ್ಟಾಟಲನನ್ನು ಖಂಡಿಸಲು ಎತ್ತಿಕೊಂಡ ಉದಾಹರಣೆಗಳಲ್ಲಿ ಒಂದು, ಕೈ ತೆಗೆದ ಮೇಲೆಯೂ ತಿರುಗುವ ಸಾಣೆಕಲ್ಲು. ಅದು ಕುಂಬಾರನ ಚಕ್ರದ ಸೋದರನೇ ಸರಿ. ಆದರೆ ಅವನು ಎರಡು ಹೆಜ್ಜೆ ಮುಂದೆ ಹೋದನು. ವಸ್ತುವಿನಲ್ಲಿ ತುಂಬಿದ ಆ ಶಕ್ತಿಯು ತಡೆಯಿಲ್ಲದಿದ್ದರೆ ತಾನಾಗಿ ಸವೆಯದು ಎಂದನು. ವಸ್ತುವಿನ ದ್ರವ್ಯ ಮತ್ತು ವೇಗ ಹೆಚ್ಚಿದಷ್ಟೂ ಅದು ಹೆಚ್ಚೆಂದನು. ಮುಂದೆ ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿ ಕಾಲವನ್ನೂ ದೂರವನ್ನೂ ಅಳೆದನು. 1638ರಲ್ಲಿ ಅಚ್ಚಾದ ಅವನ ಸಂವಾದಗ್ರಂಥವು ವೆನಿಸ್ ನಗರದ ಹಡಗುಕಟ್ಟೆಯ ಕುಶಲಕರ್ಮಿಗಳ ಅನುಭವವನ್ನು ಕೊಂಡಾಡುತ್ತ ಆರಂಭವಾಗುತ್ತದೆ. ದಾರ್ಶನಿಕನ ಪ್ರಶ್ನೆ, ಗಣಿತಜ್ಞನ ಅಳತೆ, ಕೆಲಸಗಾರನ ಕೈ ಒಂದೇ ಪುಟಕ್ಕೆ ಬಂದದ್ದು ಹೀಗೆ. ಅದರ ಮರುಶತಮಾನಾರ್ಧದಲ್ಲಿಯೇ ನ್ಯೂಟನ್ನನ ನಿಯಮಗಳು ಹೊರಬಂದದ್ದು ಆಕಸ್ಮಿಕವಲ್ಲ.

ಈ ಚರಿತ್ರೆಯ ಒಂದು ಗುರುತು ಕನ್ನಡದ ಪದಗಳಲ್ಲಿ ಉಳಿದಿದೆ. ಇಂದಿನ ಶಾಲೆಯ ವಿಜ್ಞಾನದ ಪಾಠದಲ್ಲಿ ಬರುವ ದ್ರವ್ಯ, ವೇಗ, ಗುರುತ್ವ ಎಂಬ ಪದಗಳು ದರ್ಶನಗಳ ಶಬ್ದಸಂಪತ್ತಿನಿಂದ ಬಂದವು. ವೈಶೇಷಿಕರಲ್ಲಿ ವೇಗವು ಸಂಸ್ಕಾರದ ಒಂದು ಭೇದ; ಪಾಠದಲ್ಲಿ ಅದು ಕಾಲದಿಂದ ಭಾಗಿಸಿದ ದೂರ. ಸಂವೇಗ ಎಂಬ ಪದದ ಕಥೆ ಇನ್ನೂ ಸ್ವಾರಸ್ಯವಾದುದು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ 16 ಭಾವನೆಗಳಲ್ಲಿ ಸಂವೇಗವೂ ಒಂದು. ಸಂಸಾರದ ದುಃಖವನ್ನು ಕಂಡು ಜೀವಕ್ಕೆ ಆಗುವ ಭಯ, ಅಲ್ಲಿಂದ ಬಿಡಿಸಿಕೊಳ್ಳುವ ತವಕ ಅದರ ಅರ್ಥ. ಪಾಠದಲ್ಲಿ ಅದು ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ. ಪದ ಒಂದೇ ಆಗಿರುವುದರಿಂದ ವಿಚಾರವೂ ಒಂದೇ ಎಂದು ತಿಳಿಯುವುದು ತಪ್ಪು. ಆದರೆ ಪದಕ್ಕೆ ಹಿಂದಿನ ಬದುಕೊಂದಿತ್ತೆಂಬುದನ್ನು ಅರಿಯದೆ ಪಾರಿಭಾಷಿಕ ಕೋಶವನ್ನು ಬಳಸುವುದೂ ಬಡತನವೇ.

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದ ಒದಗುವ ಪ್ರಯೋಜನ ಸ್ಪಷ್ಟ. ಸರ್ವಾರ್ಥಸಿದ್ಧಿಯ ಕುಂಬಾರನನ್ನು ಕೇವಲ ಉಪಮೆಯೆಂದು ದಾಟಿಹೋಗಬಾರದು. ಆ ಉಪಮೆಯಲ್ಲಿ ಯಾರೋ ಚಕ್ರವನ್ನು ನಿಂತು ನೋಡಿದ ಅವಲೋಕನವಿದೆ. ಗಣಿತಸಾರಸಂಗ್ರಹವನ್ನು ಗಣಿತದವರಿಗೇ ಬಿಟ್ಟುಕೊಡಬಾರದು. ಅದರ ಹಾವಿನಲ್ಲಿ ಕಾಲ ಮತ್ತು ಗತಿಗಳ ಕಲ್ಪನೆಯಿದೆ. ಶಾಸನವನ್ನು ಓದುವಾಗ ಅಕ್ಷರಗಳು ಮುಗಿದಲ್ಲಿಗೆ ಓದು ಮುಗಿಯಿತೆಂದು ತಿಳಿಯಬಾರದು. ರಾಯಚೂರಿನ ಗೋಡೆಯಲ್ಲಿ ಅಕ್ಷರಗಳು ಮುಗಿದ ಮೇಲೆ ಒಂದು ಬಂಡಿ, ಕೋಣಗಳ ಒಂದು ಸಾಲು, ಗಾಲಿಗೆ ಸನ್ನೆ ಕೊಟ್ಟು ಬಾಗಿದ ಕೆಲವು ಬೆನ್ನುಗಳು ಇವೆ. ದೋಆಬಿನ ಚರಿತ್ರೆಯಲ್ಲಿ ವಿಠಲನಾಥನಿಗೆ ಸಿಕ್ಕಿರುವ ಸಾಲುಗಳ ಪಕ್ಕದಲ್ಲಿ ಅವರಿಗೂ ಒಂದು ಸಾಲು ಸಲ್ಲಬೇಕು.